ಇವತ್ತ ಏನ್ ಅಡಿಗಿ?

ಬಹಳ ವರ್ಷಗಳ ಮೇಲೆ ಸಿಕ್ಕ ಗೆಳತಿಯ ಜೊತೆ ಮಾತು ಅರ್ಧ ಗಂಟೆಯಲ್ಲಿ ಮುಗಿದುಹೋಗುತ್ತದೆ. ದಿನಾ ಮಾತಾಡುವ ಗೆಳತಿಯ ಜೊತೆ ಎಷ್ಟು ಮಾತಾಡಿದರೂ ಮುಗಿಯುವುದಿಲ್ಲ. ಲೆಕ್ಕ ಹಾಕಿದರೆ ಇದು ಉಲ್ಟಾ ಇರಬೇಕಿತ್ತು. ಹದಿನೈದು ವರ್ಷ ಕಾಣದವಳ ಹತ್ತಿರ ಹದಿನೈದು ವರ್ಷದ ಸುದ್ದಿ ಇರುತ್ತದೆ. ನಿನ್ನೆ ರಾತ್ರಿ ಮಾತಾಡಿದವಳ ಹತ್ತಿರ ಒಂದು ರಾತ್ರಿಯ ಸುದ್ದಿಯಷ್ಟೇ. ಆದರೂ ಮದುವೆಮನೆಯಲ್ಲಿ ಸಿಕ್ಕ ಹಳೆಯ ಗೆಳತಿಯ ಜೊತೆ ಗಂಡನ ನೌಕರಿ, ಮಕ್ಕಳ ಇಯತ್ತೆ, ಸ್ವಂತ ಮನೆಯೋ ಬಾಡಿಗೆಯೋ, ಅಪ್ಪ ಅವ್ವ ಹೇಗಿದ್ದಾರೆ ಎಂಬಲ್ಲಿಗೆ ಪಂಕ್ತಿ ಏಳುವ ಮೊದಲೇ ಮಾತು ಖಾಲಿ. ಆಮೇಲೆ ಇಬ್ಬರೂ ಮಂಟಪದ ಕಡೆ ನೋಡುತ್ತ ಕೂರುತ್ತೇವೆ. ಪ್ರೀತಿ ಕಡಿಮೆಯಾಗಿರುತ್ತದೆ ಎಂದೇನಲ್ಲ. ಕೈ ಹಿಡಿದುಕೊಂಡೇ ಕೂತಿರುತ್ತೇವೆ.

ನಾನು ಇದನ್ನು ತುಂಬ ಯೋಚಿಸಿದ್ದೇನೆ. ದೊಡ್ಡ ಸುದ್ದಿಯನ್ನು ಯಾರಿಗಾದರೂ ಹೇಳಬಹುದು, ಯಾರಿಗಾದರೂ ಅದು ಅರ್ಥವಾಗುತ್ತದೆ. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು ಎಂದರೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ‘ಚಲೋ ಆತು ಬಿಡ್ರಿ’ ಎನ್ನುತ್ತಾರೆ. ಆದರೆ ‘ಇವತ್ತು ಅವರು ಫೋನ್ ಮಾಡಿದರು, ಈ ಸಲ ಚೆನ್ನಾಗಿ ಮಾತಾಡಿದರು’ ಎಂಬ ಸುದ್ದಿಯನ್ನು ಯಾರಿಗೆ ಹೇಳುವುದು? ಅವರು ಎಂದರೆ ಯಾರು, ಹೋದ ಸಲ ಏನು ಅಂದಿದ್ದರು, ಆ ಮಾತಿಗೆ ನಾನು ಎರಡು ದಿನ ಊಟ ಬಿಟ್ಟಿದ್ದೆ ಎಂಬುದೆಲ್ಲ ಗೊತ್ತಿದ್ದವಳಿಗೇ ಅದು ಸುದ್ದಿ. ಸಣ್ಣ ಸುದ್ದಿಗೆ ನಿನ್ನೆಯ ಮಾತಿನ ಬುಡ ಬೇಕು. ಬುಡ ಕಡಿದರೆ ದೊಡ್ಡ ಸುದ್ದಿಗಳು ಮಾತ್ರ ಉಳಿಯುತ್ತವೆ. ಬದುಕಿನಲ್ಲಿ ಅಂಥವು ಎಷ್ಟಿರುತ್ತವೆ? ಅರ್ಧ ಗಂಟೆಗೆ ಸಾಲುವಷ್ಟು.

ನಮ್ಮದೊಂದು ವಾಟ್ಸಾಪ್ ಗ್ರೂಪು. ಧಾರವಾಡದಲ್ಲಿ ಒಂದೇ ಹಾಸ್ಟೆಲಿನಲ್ಲಿ ಇದ್ದವರು. ಈಗ ನಾನು ಬೆಳಗಾವಿ, ಒಬ್ಬಳು ಬಾಗಲಕೋಟೆ ಹತ್ತಿರ, ಒಬ್ಬಳು ಕಲಬುರಗಿ, ಒಬ್ಬಳು ಮೈಸೂರು, ಒಬ್ಬಳು ಶಿರಸಿ ಕಡೆ, ಒಬ್ಬಳು ಮಸ್ಕತ್ತು, ಒಬ್ಬಳು ನ್ಯೂಜೆರ್ಸಿ. ಅಲ್ಲಿ ಏನು ಮಾತಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಏನೂ ಸಿಗುವುದಿಲ್ಲ. ಹೋದ ಮಳೆಗಾಲದ ಒಂದು ಬೆಳಗಿನ ಮಾತು ಹೀಗಿತ್ತು:

‘ಇಲ್ಲೆ ಮಳಿ ಹಿಡದೈತಿ. ಅರಬಿ ಒಣಗವಲ್ವು.’

‘ಫ್ಯಾನ್ ಕೆಳಗ ಹಾಕು.’

‘ಕರೆಂಟ್ ಎಲ್ಲೈತೆ?’

‘ಇಲ್ಲೂ ಇಲ್ಲ ಕಣೇ. ದೋಸೆ ಹಿಟ್ಟು ರುಬ್ಬಬೇಕಿತ್ತು, ಹಾಗೇ ಕೂತಿದೀನಿ.’

‘ನಿಮ್ಮತ್ತಿ ಮೊಣಕಾಲು ಹೆಂಗೈತಿ?’

‘ನಿನ್ನಿಗಿಂತ ಅಡ್ಡಿಯಿಲ್ಲ. ಎಣ್ಣಿ ತಿಕ್ಕಿಸಿಕೊಂಡು ಕುಂತಾರ. ಟಿವಿ ಇಲ್ಲಂತ ಸಿಟ್ಟು.’

ಇಷ್ಟೇ. ಇದರಲ್ಲಿ ಬರೆದಿಡಬೇಕಾದ್ದು ಏನಿದೆ ಎಂದು ಕೇಳಬಹುದು. ಆ ‘ನಿನ್ನಿಗಿಂತ’ ಎಂಬುದನ್ನು ನೋಡಿ. ಕೇಳಿದವಳಿಗೆ ನಿನ್ನೆಯ ಮೊಣಕಾಲು ಗೊತ್ತು. ಅತ್ತೆಯನ್ನು ಅವಳು ಕಂಡದ್ದು ಒಂದು ಮದುವೆಯಲ್ಲಿ, ಅದೂ ದೂರದಿಂದ. ಆದರೂ ಆ ಮೊಣಕಾಲಿನ ಏರಿಳಿತ ಅವಳಿಗೆ ಗೊತ್ತಿರುವಷ್ಟು ಆ ಮನೆಯ ಗಂಡುಮಕ್ಕಳಿಗೂ ಗೊತ್ತಿಲ್ಲ.

ನನ್ನ ಅವ್ವನ ಕಾಲದಲ್ಲಿ ಹೆಣ್ಣುಮಕ್ಕಳ ಗೆಳೆತನ ಮದುವೆಯ ದಿನಕ್ಕೆ ನಿಲ್ಲುತ್ತಿತ್ತು. ಗಂಡಸರಿಗೆ ಹಾಗಲ್ಲ. ಅವರು ಹುಟ್ಟಿದ ಊರಲ್ಲೇ ಇರುತ್ತಿದ್ದರು. ಕಟ್ಟೆ ಅಲ್ಲೇ, ಚಾದಂಗಡಿ ಅಲ್ಲೇ, ಜೊತೆಗೆ ಈಜು ಕಲಿತವನೂ ಅಲ್ಲೇ. ಧಾರವಾಡದಲ್ಲಿ 1922ರ ಹೊತ್ತಿಗೆ ಬೇಂದ್ರೆಯವರು ‘ಗೆಳೆಯರ ಗುಂಪು’ ಕಟ್ಟಿದರು. ಬೆಟಗೇರಿ ಕೃಷ್ಣಶರ್ಮ, ಗೋಕಾಕ, ಮುಗಳಿ ಅವರಂಥವರೆಲ್ಲ ಅದರಲ್ಲಿ ಬೆಳೆದರು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ, ಇರಲೇಬೇಕು. ನನಗೆ ಅದನ್ನು ಓದಿದಾಗೆಲ್ಲ ಆ ಮನೆಗಳ ಹೆಂಗಸರ ನೆನಪಾಗುತ್ತದೆ. ಅವರಿಗೂ ತವರಿನಲ್ಲಿ ಗೆಳತಿಯರು ಇದ್ದಿರಬೇಕಲ್ಲ.

ಅವ್ವನಿಗೆ ಇದ್ದರು. ವರ್ಷಕ್ಕೊಮ್ಮೆ ಶ್ರಾವಣದಲ್ಲಿ ಪಂಚಮಿಗೆ ತವರಿಗೆ ಹೋದಾಗ ಸಿಗುತ್ತಿದ್ದರು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರಬೇಕು, ಗಂಡನ ಮನೆಯವರು ಕಳಿಸಬೇಕು, ಕೂಸಿಗೆ ಜ್ವರ ಇರಬಾರದು, ಹೊಲದಲ್ಲಿ ಕಳೆ ತೆಗೆಯುವ ಕೆಲಸ ಬಾಕಿ ಇರಬಾರದು. ಇಷ್ಟೆಲ್ಲ ಕೂಡಿಬಂದರೆ ಆ ಮೂರು ದಿನ ಬೇವಿನ ಮರದ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಮತ್ತು ಗೆಳತಿಯರು. ಅವ್ವನ ಗೆಳತಿಗೂ ಅದೇ ವರ್ಷ ಅವೆಲ್ಲ ಕೂಡಿಬರಬೇಕು. ಇಬ್ಬರಲ್ಲಿ ಒಬ್ಬರಿಗೆ ತಪ್ಪಿದರೆ ಮುಂದಿನ ಪಂಚಮಿ. ಅವ್ವ ಆ ದಿನಗಳನ್ನು ಹೇಳುವಾಗ ಒಂದು ಮಾತು ಯಾವಾಗಲೂ ಬರುತ್ತದೆ: ‘ಮೊದಲನೇ ದಿನ ಮಾತ ಬರ್ತಿದ್ದಿಲ್ಲ. ಅತ್ತು ಮುಗಿಸಬೇಕಾಗತಿತ್ತು. ಮಾತು ಶುರುವಾಗೂದರಾಗ ಹೊಂಡೂ ದಿನ ಬರ್ತಿತ್ತು.’

ವರ್ಷದ ಸಂಕಟ ಮೊದಲು ಇಳಿಯಬೇಕು. ಅದು ಇಳಿದ ಮೇಲೆ ತಾನೇ ‘ನಿಮ್ಮ ಎಮ್ಮಿ ಈಗ ಎಷ್ಟು ಹಾಲ ಹಿಂಡತೈತಿ’ ಎಂದು ಕೇಳಲು ಬಾಯಿ ಬರುವುದು. ನಮಗೆ ಮದುವೆಮನೆಯಲ್ಲಿ ಆಗುವುದು ಅವರಿಗೆ ಪ್ರತಿ ಪಂಚಮಿಗೆ ಆಗುತ್ತಿತ್ತು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ನಮ್ಮ ಊರುಗಳಲ್ಲಿ ಹೆಂಗಸರ ಕೈಗೂ ಸ್ಮಾರ್ಟ್‌ಫೋನು ಬಂತು. ಮೊದಲು ಮಗನ ಹಳೆಯ ಫೋನು, ಒಡೆದ ಗಾಜಿನದು. ಅವ್ವನಿಗೆ ಬಂದದ್ದೂ ಅಂಥದ್ದೇ. ಅವಳಿಗೆ ಓದಲು ಬರುತ್ತದೆ, ಆದರೆ ಆ ಸಣ್ಣ ಕೀಬೋರ್ಡಿನಲ್ಲಿ ಒತ್ತಕ್ಷರ ಹುಡುಕುವುದು ಅವಳಿಗೆ ಆಗದ ಕೆಲಸ. ವಾಟ್ಸಾಪಿನಲ್ಲಿ ಧ್ವನಿ ಸಂದೇಶ 2013ರಿಂದಲೇ ಇದೆ. ನಾವೆಲ್ಲ ಅದನ್ನು ಅವಸರಕ್ಕೆ, ಟೈಪು ಮಾಡಲು ಬೇಸರವಾದಾಗ ಬಳಸುತ್ತೇವೆ. ಅವ್ವನಿಗೆ ಅದೇ ಎಲ್ಲ. ಮೈಕಿನ ಗುರುತು ಒತ್ತಿ ಹಿಡಿದು, ಫೋನನ್ನು ಬಾಯಿಯ ಹತ್ತಿರ ತಂದು, ಅವಳು ತನ್ನ ಬಾಲ್ಯದ ಗೆಳತಿಗೆ ದಿನಾ ಮಧ್ಯಾಹ್ನ ಹೇಳುತ್ತಾಳೆ: ಇವತ್ತು ಪುಂಡಿಪಲ್ಯೆ ಮಾಡಿದೆ, ಬೆಳ್ಳುಳ್ಳಿ ಒಗ್ಗರಣೆ ತುಸು ಸೀದಿತು, ಆದರೂ ಇವರು ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಆ ಕಡೆಯಿಂದ ಕೋಳಿ ಕೂಗುವ, ಯಾರೋ ಬಾಗಿಲು ಬಡಿಯುವ ಸದ್ದಿನ ನಡುವೆ ಉತ್ತರ ಬರುತ್ತದೆ. ಪಂಚಮಿಗೆ ಕಾಯದೆ, ಯಾರೂ ಕರೆಯಲು ಬರದೆ, ಯಾರ ಅಪ್ಪಣೆಯೂ ಇಲ್ಲದೆ. ಮೊಬೈಲಿನಿಂದ ಮನುಷ್ಯರು ದೂರವಾದರು ಎಂದು ಭಾಷಣ ಮಾಡುವವರನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾರಿಂದ ಯಾರು ದೂರವಾದರು? ಮೊದಲೇ ದೂರವಾಗಿದ್ದವರ ಲೆಕ್ಕ ಅವರ ಹತ್ತಿರ ಇದೆಯೇ?

ವಿದ್ವಾಂಸರು ಈ ಬಗೆಯ ಮಾತನ್ನು ಕಡೆಗಣಿಸಿಲ್ಲ. ಬ್ರೊನಿಸ್ಲಾವ್ ಮಲಿನೋವ್ಸ್ಕಿ ಎಂಬ ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಜನರ ನಡುವೆ ಇದ್ದು ಅವರ ಭಾಷೆ ಕಲಿತ. 1923ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವನು ಹೇಳಿದ್ದು ಇದು: ಹವಾಮಾನ, ಆರೋಗ್ಯ, ಎಲ್ಲರಿಗೂ ಗೊತ್ತಿರುವ ಸಂಗತಿ, ಇಂಥ ಮಾತುಗಳ ಕೆಲಸ ವಿಚಾರವನ್ನು ದಾಟಿಸುವುದಲ್ಲ, ಮಾತಾಡುವವರನ್ನು ಒಟ್ಟಿಗೆ ಕಟ್ಟುವುದು. ಬ್ರಿಟನ್ನಿನ ಮನೋವಿಜ್ಞಾನಿ ರಾಬಿನ್ ಡನ್ಬರ್ ಇನ್ನೂ ಹಿಂದಕ್ಕೆ ಹೋಗುತ್ತಾರೆ. ಮಂಗಗಳು ಒಂದರ ಮೈಯನ್ನು ಇನ್ನೊಂದು ಹೆಕ್ಕುತ್ತ ಕೂರುತ್ತವಲ್ಲ, ಗುಂಪು ದೊಡ್ಡದಾದಂತೆ ಹಾಗೆ ಎಲ್ಲರ ಮೈ ಹೆಕ್ಕಲು ಹೊತ್ತು ಸಾಲದೆ ಮನುಷ್ಯನಲ್ಲಿ ಆ ಕೆಲಸವನ್ನು ಮಾತು ವಹಿಸಿಕೊಂಡಿತು ಎಂಬುದು ಅವರ ವಾದ. ಜನ ಸುಮ್ಮನೆ ಮಾತಾಡುವುದನ್ನು ಕೇಳಿಸಿಕೊಂಡು ಲೆಕ್ಕ ಹಾಕಿದಾಗ ಸುಮಾರು ಮೂರರಲ್ಲಿ ಎರಡು ಪಾಲು ತಮ್ಮ ಮತ್ತು ಇತರರ ಬದುಕಿನ ಮಾತೇ ಆಗಿತ್ತಂತೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಗಂಟೆಗಳ ಲೆಕ್ಕವನ್ನೇ ಕೊಟ್ಟರು: ಮುಖಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಗೆಳೆತನ ಎನ್ನಿಸಿಕೊಳ್ಳಲು 90, ಆಪ್ತತೆಗೆ 200ಕ್ಕೂ ಹೆಚ್ಚು. ಒಟ್ಟಿಗೆ ಕೆಲಸ ಮಾಡಿದ ಗಂಟೆಗಳಿಗೆ ಇದರಲ್ಲಿ ಅಷ್ಟು ತೂಕವಿಲ್ಲ. ಸುಮ್ಮನೆ ಕೂಡಿ ಕಳೆದ ಹೊತ್ತಿಗೇ ತೂಕ.

ಮಲಿನೋವ್ಸ್ಕಿಯ ಮಾತನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಇಂಥ ಮಾತಿನಲ್ಲಿ ವಿಷಯ ಮುಖ್ಯವಲ್ಲ ಎಂಬುದನ್ನು ಮಾತ್ರ ಒಪ್ಪಲಾರೆ. ಒಂದು ದಿನದ ಮಾತನ್ನು ತೆಗೆದು ನೋಡಿದರೆ ಹಾಗೆ ಕಾಣುತ್ತದೆ. ನಾಲ್ಕು ವರ್ಷದ ಮಾತು ಕೂಡಿದಾಗ ಅದು ಒಬ್ಬಳ ಬದುಕಿನ ಪೂರ್ತಿ ತಿಳಿವಳಿಕೆ. ಅದು ಕೆಲಸಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.

ಬಾಗಲಕೋಟೆಯ ಗೆಳತಿಯ ತಾಯಿಗೆ ಒಂದು ರಾತ್ರಿ ಎದೆನೋವು ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತಂದರು. ಅವಳು ಗ್ರೂಪಿನಲ್ಲಿ ಬರೆದದ್ದು ಎರಡೇ ಸಾಲು. ಬೆಳಗ್ಗೆ ನಾನು ಬೆಳಗಾವಿಯಿಂದ ಹೊರಟೆ. ಹೋಗುವಾಗ ಏನು ಒಯ್ಯಬೇಕು ಎಂದು ಯಾರನ್ನೂ ಕೇಳಬೇಕಾಗಲಿಲ್ಲ. ಅವಳ ತಾಯಿ ಚಹಾ ಮುಟ್ಟುವುದಿಲ್ಲ, ಕಷಾಯ ಬೇಕು. ಕಿವಿಯ ಬಲಗಡೆ ಸರಿಯಾಗಿ ಕೇಳುವುದಿಲ್ಲ, ಎಡಗಡೆ ಕೂತು ಮಾತಾಡಬೇಕು. ಮನೆಯ ಬೀಗದಕೈ ಎದುರು ಮನೆಯಲ್ಲಿರುತ್ತದೆ. ಗೆಳತಿಯ ಸಣ್ಣ ಮಗನಿಗೆ ಆ ವಾರ ಘಟಕ ಪರೀಕ್ಷೆ, ಅವನು ಗಣಿತ ಎಂದರೆ ಹೆದರುತ್ತಾನೆ. ನ್ಯೂಜೆರ್ಸಿಯವಳು ಆ ಹುಡುಗನಿಗೆ ಫೋನಿನಲ್ಲೇ ಎರಡು ಸಂಜೆ ಲೆಕ್ಕ ಹೇಳಿಕೊಟ್ಟಳು. ಇಲ್ಲಿ ಸಂಜೆ ಏಳಾದರೆ ಬೇಸಿಗೆಯಲ್ಲಿ ಅಲ್ಲಿ ಬೆಳಗಿನ ಒಂಬತ್ತೂವರೆ, ಅವಳ ಆಫೀಸಿನ ಹೊತ್ತು. ಅವಳು ರಜೆ ಹಾಕಿದಳು. ಇದ್ಯಾವುದನ್ನೂ ಯಾರೂ ಯಾರಿಗೂ ಆ ದಿನ ತಿಳಿಸಿರಲಿಲ್ಲ. ಅರಬಿ ಒಣಗದ, ಹಿಟ್ಟು ಹುಳಿಯಾದ, ಕರೆಂಟು ಹೋದ ಮಾತುಗಳ ನಡುವೆ ಎಂದೋ ಒಂದೊಂದಾಗಿ ಬಂದು ನಮ್ಮೊಳಗೆ ಕೂತಿದ್ದವು.

ಬರೆದು ಆಡುವ ಮಾತಿಗೆ ತನ್ನದೇ ಒಂದು ಗುಣವಿದೆ. ಎದುರುಬದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಪಾಲಂತೆ. ಹತ್ತು ಭಾಷೆಗಳನ್ನು ಅಳೆದು 2009ರಲ್ಲಿ ಹೇಳಿದ ಲೆಕ್ಕ ಇದು. ಅಷ್ಟು ಚುರುಕಿನಲ್ಲಿ ಉತ್ತರ ಕೊಡಲಾಗದವರು, ನಾಲ್ಕು ಜನರ ನಡುವೆ ಬಾಯಿ ತೆರೆಯುವ ಹೊತ್ತಿಗೆ ವಿಷಯವೇ ಮುಂದೆ ಹೋಗಿರುತ್ತಿದ್ದವರು, ಹಾಸ್ಟೆಲಿನಲ್ಲಿ ಮೂಲೆಯ ಮಂಚದ ಮೇಲೆ ಕೂತು ನಗುತ್ತಿದ್ದರು, ಅಷ್ಟೇ. ಶಿರಸಿಯವಳು ಹಾಗಿದ್ದಳು. ಈಗ ಅವಳು ಕೊಟ್ಟಿಗೆ ಕೆಲಸ ಮುಗಿಸಿ, ಕೈ ತೊಳೆದು, ಬೆಳಗಿನ ಮಾತಿಗೆ ಮಧ್ಯಾಹ್ನ ಉತ್ತರ ಬರೆಯುತ್ತಾಳೆ. ಅದು ಯಾವಾಗಲೂ ಎಲ್ಲರಿಗಿಂತ ಚೆನ್ನಾಗಿರುತ್ತದೆ. ಹಾಸ್ಟೆಲಿನಲ್ಲಿ ಅವಳ ಒಳಗೆ ಇಷ್ಟು ಮಾತಿತ್ತು ಎಂದು ನಮಗೆ ಗೊತ್ತೇ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಸಂತೋಷ ಕೊಡುವಂಥದ್ದು. ಆರ್ಕುಟ್ ಎಂಬ ಜಾಲತಾಣ ಇದ್ದ ಕಾಲದಲ್ಲಿ ನಾವು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು. ಫೋನಿನಲ್ಲಿ ಕನ್ನಡ ಕೀಬೋರ್ಡು ಬಂದ ಮೇಲೆ ನಮ್ಮ ನಮ್ಮ ಮನೆಮಾತೇ ಅಕ್ಷರವಾಗಿ ಬರತೊಡಗಿತು. ಶಾಲೆಯಲ್ಲಿ ‘ಬರುತ್ತಿದ್ದೇನೆ’ ಎಂದಲ್ಲದೆ ಬೇರೆ ಬರೆದರೆ ಮಾಸ್ತರರು ಕೆಂಪು ಗೆರೆ ಎಳೆಯುತ್ತಿದ್ದರು. ಈಗ ನಾನು ‘ಬರಾಕತ್ತೀನಿ’ ಎಂದು ಬರೆದರೆ ಕಲಬುರಗಿಯವಳು ‘ಬರಲತ್ತೀನಿ’ ಎನ್ನುತ್ತಾಳೆ, ಮೈಸೂರಿನವಳು ‘ಬರ್ತಾ ಇದೀನಿ ಕಣೇ’ ಎನ್ನುತ್ತಾಳೆ. ನಾಡಿನ ಇಷ್ಟೊಂದು ಮೂಲೆಗಳ ಆಡುಮಾತನ್ನು ಇಷ್ಟು ಜನ ದಿನಾ ಬರೆಯುವುದು ಹಿಂದೆಂದಾದರೂ ಇತ್ತೇ? ಕಾದಂಬರಿಕಾರರು ಬರೆದರು, ನಿಜ. ಈಗ ಕೊಟ್ಟಿಗೆಯಿಂದ, ಬಸ್‌ಸ್ಟ್ಯಾಂಡಿನಿಂದ, ಮಸ್ಕತ್ತಿನ ಆಸ್ಪತ್ರೆಯ ನೈಟ್‌ ಡ್ಯೂಟಿಯಿಂದ ಬರೆಯುತ್ತಿದ್ದಾರೆ. ಯಾರೂ ತಿದ್ದುವುದಿಲ್ಲ.

ಮಾತು ಸಾಯುವುದನ್ನೂ ನೋಡಿದ್ದೇನೆ. ನಮ್ಮ ಇಡೀ ಬ್ಯಾಚಿನದು ಒಂದು ದೊಡ್ಡ ಗ್ರೂಪಿದೆ. ಅಲ್ಲಿ ದಿನ ಬೆಳಗಾದರೆ ಗುಲಾಬಿ ಹೂವಿನ ಶುಭೋದಯ, ಯಾವುದೋ ಔಷಧಿಯ ಮಹಿಮೆ, ಯಾರೋ ಕಳಿಸಿದ್ದನ್ನು ಯಾರೋ ಕಳಿಸಿದ ವಿಡಿಯೊ. ಹುಟ್ಟಿದ ದಿನಕ್ಕೆ ಎಲ್ಲರೂ ಸಾಲಾಗಿ ಒಂದೇ ಕೇಕಿನ ಚಿತ್ರ ಹಾಕುತ್ತಾರೆ. ಅಲ್ಲಿ ‘ನಮ್ಮ ಮಿಕ್ಸರ್ ಕೆಟ್ಟಿದೆ’ ಎಂದು ಬರೆಯಲು ಯಾರಿಗೂ ಧೈರ್ಯವಿಲ್ಲ. ಇದಕ್ಕೆ ಯಾರ ಕೆಟ್ಟತನವೂ ಕಾರಣವಲ್ಲ. ಗ್ರೂಪಿನಲ್ಲಿ ಎಷ್ಟು ಜನ ಇರಬಹುದು ಎಂಬ ಮಿತಿಯನ್ನು ವಾಟ್ಸಾಪ್ 2016ರಲ್ಲಿ 256ಕ್ಕೆ, 2022ರಲ್ಲಿ 1024ಕ್ಕೆ ಏರಿಸಿತು. ಆದರೆ ಒಂದೇ ಮಾತಿನಲ್ಲಿ ನಿಜವಾಗಿ ತೊಡಗುವವರು ನಾಲ್ಕೇ ಜನ, ಐದನೆಯವರು ಬಂದರೆ ಮಾತು ಎರಡಾಗಿ ಒಡೆಯುತ್ತದೆ ಎಂಬುದನ್ನೂ ಡನ್ಬರ್ ಅವರೇ ಗಮನಿಸಿದ್ದಾರೆ. ನೂರು ಜನರೆದುರು ಆಡುವುದು ಹರಟೆಯಲ್ಲ, ಅದು ವೇದಿಕೆ. ವೇದಿಕೆಯ ಮೇಲೆ ಜನ ಹೂವಿನ ಹಾರವನ್ನೇ ಹಾಕುತ್ತಾರೆ.

ಇನ್ನೊಂದು ದೊಡ್ಡ ಅಪಾಯ ಸ್ಕ್ರೀನ್‌ಶಾಟ್. ಜಗಲಿಯ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಬರೆದ ಮಾತು ಉಳಿಯುತ್ತದೆ, ಎತ್ತಿಕೊಂಡು ಹೋಗಲು ಬರುತ್ತದೆ. ನಮ್ಮ ಬಳಗದ ಬೇರೊಂದು ಗುಂಪಿನಲ್ಲಿ ಒಬ್ಬಳು ಅತ್ತೆಮನೆಯ ಬಗ್ಗೆ ಬೇಸರದಲ್ಲಿ ಬರೆದ ನಾಲ್ಕು ಸಾಲು ಎರಡೇ ದಿನದಲ್ಲಿ ಆ ಅತ್ತೆಮನೆಯನ್ನೇ ತಲುಪಿತು. ಅವಳ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆಯಲಾರೆ. ಆ ಗುಂಪಿನಲ್ಲಿ ಇಂದಿಗೂ ಹಬ್ಬದ ಶುಭಾಶಯ ಬಿಟ್ಟು ಏನೂ ಬರುವುದಿಲ್ಲ. ಒಬ್ಬರ ಬೇಸರದ ಮಾತನ್ನು ಇನ್ನೊಂದು ಮನೆಗೆ ದಾಟಿಸುವುದು ನನ್ನ ಮಟ್ಟಿಗೆ ಕಳವಿಗಿಂತ ಕೀಳು.

ಹೋದ ವರ್ಷ ಮೈಸೂರಿನವಳ ಗಂಡ ತೀರಿಕೊಂಡರು. ನಾವು ಹೋಗಲು ಆದವರು ಹೋಗಿ ಬಂದೆವು. ಆಮೇಲೆ ಅವಳು ಗ್ರೂಪಿನಲ್ಲಿ ಸುಮ್ಮನಾದಳು. ಓದುತ್ತಿದ್ದಳು, ನೀಲಿ ಗೆರೆ ಬೀಳುತ್ತಿತ್ತು. ನಮಗೂ ಬರೆಯಲು ಕೈ ಬರುತ್ತಿರಲಿಲ್ಲ. ಅಷ್ಟು ದೊಡ್ಡ ಸಂಗತಿಯ ಪಕ್ಕದಲ್ಲಿ ನಮ್ಮ ದೋಸೆ ಹಿಟ್ಟಿನ ಮಾತು ಹೇಗೆ ಇಡುವುದು? ಒಂದೊಂದು ದಿನ ಯಾರೂ ಏನೂ ಬರೆಯದೆ ಕಳೆಯುತ್ತಿತ್ತು. ಕೊನೆಗೊಂದು ದಿನ ಅವಳೇ ಬರೆದಳು: ‘ನಂಗೋಸ್ಕರ ನೀವೆಲ್ಲ ಸುಮ್ನೆ ಇದೀರಾ ಅಂತ ಗೊತ್ತು. ನನ್ನ ಹತ್ರ ಹೇಳೋಕೆ ಏನೂ ಇಲ್ಲ.’

ಸಮಾಧಾನದ ಮಾತುಗಳನ್ನು ನಾನು ಬರೆದು ಬರೆದು ಅಳಿಸುತ್ತಿದ್ದೆ. ಅಷ್ಟರಲ್ಲಿ ಕಲಬುರಗಿಯವಳು ಕೇಳಿದಳು: ‘ಇವತ್ತ ಏನ್ ಅಡಿಗಿ ಮಾಡಿದಿ?’

‘ಅನ್ನ ಸಾರು. ಒಬ್ಬಳಿಗೆ ಇನ್ನೇನು.’

‘ಸಾರು ಯಾವ್ದು?’

‘ಟೊಮೇಟೊ.’

‘ಬೆಲ್ಲ ಹಾಕ್ದಿ?’

‘ಹಾಕ್ದೆ.’

‘ಅದಕ್ಕs ನೋಡು, ನಿಮ್ಮ ಕಡಿ ಸಾರು ಪಾಯಸ ಇದ್ದಂಗಿರತದ.’

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು ಉತ್ತರ, ಉದ್ದನೆಯದು. ಹಾಸ್ಟೆಲಿನ ಮೆಸ್ಸಿನಲ್ಲಿ ಆ ಖಾರದ ಸಾರು ತಿಂದು ತಾನು ಮೊದಲ ವಾರ ಬರೀ ಮೊಸರನ್ನದಲ್ಲಿ ಕಳೆದದ್ದು, ತನ್ನವರಿಗೆ ಒಮ್ಮೆ ಜೋಳದ ರೊಟ್ಟಿ ಬಡಿಯಲು ಹೋಗಿ ಅದು ತವೆಗೆ ಹೋಗುವ ಮೊದಲೇ ಮೂರು ತುಂಡಾದದ್ದು, ಅವರು ಅದನ್ನೇ ಜೋಡಿಸಿಕೊಂಡು ಉಂಡದ್ದು. ಶಿರಸಿಯವಳು ಅಪ್ಪೆಹುಳಿಯನ್ನು ನಡುವೆ ತಂದಳು. ಬೆಲ್ಲ ಹಾಕಬೇಕೇ ಬೇಡವೇ ಎಂಬ ವಾದ ರಾತ್ರಿ ಹನ್ನೊಂದರವರೆಗೆ ನಡೆದು, ನ್ಯೂಜೆರ್ಸಿಯವಳು ತನ್ನ ಊಟದ ಬಿಡುವಿನಲ್ಲಿ ಬಂದು ಸೇರಿಕೊಂಡಳು. ಈಗ ಮೈಸೂರಿನವಳು ದಿನಾ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರೆಯುತ್ತಾಳೆ. ಇವತ್ತು ಮಾರ್ಕೆಟ್ಟಿನಲ್ಲಿ ಅವರೆಕಾಯಿ ಬಂದಿದೆಯಂತೆ, ಸೊಗಡು ಇನ್ನೂ ಸಾಲದಂತೆ, ಮುಂದಿನ ವಾರ ನೋಡಬೇಕಂತೆ.